ಕೆಂಚಿಯ ಜೊತೆ ಹೋದವಳು

ಬಿಟ್ಟಂಗಾಲದ ತೋಟದ ದೊರೆ ತನ್ನ ದೇಶಕ್ಕೆ ವಾಪಸು ಹೋಗುವುದು ಖಾತ್ರಿಯಾದ ಮೇಲೆ ಬಂಗಲೆಯ ಸಾಮಾನು ಒಂದೊಂದಾಗಿ ಕರಗತೊಡಗಿತು. ಕೊನೆಗೆ ಕುದುರೆ ಲಾಯವೂ ಬರಿದಾಯಿತು. ದೊಡ್ಡ ಕುದುರೆಗಳನ್ನು ಮೈಸೂರಿನವರು ಬಂದು ಕೊಂಡೊಯ್ದರು. ಉಳಿದದ್ದು ಆರು ತಿಂಗಳ ಹೆಣ್ಣು ಮರಿ ಒಂದೇ. ಮೈಯೆಲ್ಲ ಕೆಂಚು ಬಣ್ಣ, ಹಣೆಯ ಮೇಲೆ ಸುಣ್ಣದ ಬೆರಳಿಟ್ಟಂತೆ ಒಂದು ಚುಕ್ಕೆ. ಕೆಂಚಿ ಎಂದು ಹೆಸರಿಟ್ಟವಳು ರಂಗಮ್ಮ. ಆ ಮರಿಯನ್ನು ಶನಿವಾರಸಂತೆಯ ಸಣ್ಣಸ್ವಾಮಿ ಗೌಡರಿಗೆ ಕೊಡುವುದೆಂದು ತೀರ್ಮಾನವಾಗಿತ್ತು.

ರಂಗಮ್ಮನ ಗಂಡ ನಿಂಗ ಆ ಲಾಯದ ಆಳಾಗಿದ್ದ. ಅವನು ಚಳಿಜ್ವರದಲ್ಲಿ ತೀರಿಕೊಂಡ ಮೇಲೆ ಲಾಯದ ಕೆಲಸ, ಯಾರೂ ಹೇಳದೆಯೇ, ಅವಳ ಕೈಗೆ ಬಂತು. ಕೆಂಚಿಯನ್ನು ಹೆತ್ತ ಕುದುರೆಗೆ ಹಾಲು ಸಾಲದೆ ಹೋದಾಗ, ಹಸುವಿನ ಹಾಲಿಗೆ ನೀರು ಬೆರೆಸಿ ಬಾಟ್ಲಿಯಲ್ಲಿ ಕುಡಿಸಿ ಬದುಕಿಸಿದವಳೂ ಅವಳೇ. ಅವಳ ಸೀರೆಯ ವಾಸನೆ ಹತ್ತಿರದಲ್ಲಿಲ್ಲದಿದ್ದರೆ ಮರಿ ಹುಲ್ಲಿಗೆ ಬಾಯಿ ಹಾಕುತ್ತಿರಲಿಲ್ಲ.

"ನೀನೇ ಲಾರೀಲಿ ಜೊತೆಗೆ ಹೋಗು ರಂಗಮ್ಮ," ಎಂದರು ತೋಟದ ಲೆಕ್ಕಪತ್ರ ನೋಡುವ ರೈಟರು. "ಬೇರೆಯವರ ಕೈಗೆ ಅದು ಬಗ್ಗೋದಿಲ್ಲ. ಇವತ್ತು ಹೋದ್ರೆ ನಾಳೆ ಬರ್ತೀಯ. ಬಂದ ಮೇಲೆ ನಿನ್ನ ಕಾಫಿ ಪಿಕ್ಕಿಂಗಿಗೆ ಹಾಕಿಸ್ತೀನಿ."

ದೊರೆ ಹೋಗಿ ಹೊಸ ಯಜಮಾನ ಬರುವವರೆಗೆ ತೋಟಕ್ಕೆ ರೈಟರೇ ದೊರೆ. ಲಾಯ ಮುಚ್ಚಿದರೆ ತನ್ನ ಗತಿಯೇನು ಎಂದು ಹೆದರಿದ್ದ ರಂಗಮ್ಮ ಆ ಮಾತು ಕೇಳಿ ಕೈಮುಗಿದಳು. ಹತ್ತು ವರ್ಷದ ಮಗಳು ಮುದ್ದಿಯನ್ನು ಕೂಲಿ ಲೈನಿನ ಪಕ್ಕದ ಮನೆಯ ಕಾಳಮ್ಮನ ಹತ್ತಿರ ಬಿಟ್ಟು, ಇನ್ನೂ ಬೆಳಕು ಹರಿಯುವ ಮೊದಲೇ ಲಾಯಕ್ಕೆ ಹೋದಳು. ಲಾರಿಯ ಹಲಗೆಗಳಿಗೆ ಒಳಗಿನಿಂದ ಗೋಣಿಚೀಲ ಕಟ್ಟಿ, ಮೊಳಕಾಲುದ್ದ ಭತ್ತದ ಹುಲ್ಲು ಹಾಸಿದ್ದಳು. ಮರಿಯನ್ನು ಹಲಗೆಯ ಮೇಲಿಂದ ಹತ್ತಿಸಿದ್ದಾಯಿತು, ತಾನೂ ಹತ್ತಿದಳು. ಡ್ರೈವರ್ ನಾಗರಾಜು ಹಿಂದಿನ ಬಾಗಿಲು ಎತ್ತಿ ಹೊರಗಿನಿಂದ ಸರಪಳಿ ಬಿಗಿದ. ಕುಶಾಲನಗರದ ಈ ನಾಗರಾಜು ವರ್ಷಗಳಿಂದ ತೋಟದ ಕಾಫಿ ಸಾಗಿಸುತ್ತಿದ್ದವನು. ಮಾತು ಜಾಸ್ತಿ, ಮನಸ್ಸು ಕೆಟ್ಟದ್ದಲ್ಲ.

ಅಮ್ಮತ್ತಿ ಬಜಾರಿನಲ್ಲಿ ಜನ ಹಲಗೆ ಸಂದಿಯಿಂದ ಇಣುಕಿ ನೋಡಿದರು. ಸಿದ್ದಾಪುರದಲ್ಲಿ ನಾಗರಾಜು ಚಾ ಕುಡಿಯಲು ನಿಲ್ಲಿಸಿದಾಗ ಕೆಂಚಿ ಒಂದು ಬೊಗಸೆ ನೆನೆಸಿದ ಹುರುಳಿ ತಿಂದಿತು. ಇಷ್ಟು ಸುಲಭವಾಗಿ ಆಗುತ್ತದೆಂದು ರಂಗಮ್ಮ ಅಂದುಕೊಂಡಿರಲಿಲ್ಲ.

ಹೊಳೆಯ ಸೇತುವೆ ದಾಟಿದ ಮೇಲೆ ಬಿದಿರು ಕಾಡು ಶುರುವಾಯಿತು. ರಾತ್ರಿ ಬಿದ್ದ ಮಳೆಗೆ ರಸ್ತೆಯ ಅಂಚು ಮೆತ್ತಗಾಗಿತ್ತು. ಏರಿನ ತಿರುವಿನಲ್ಲಿ ಎದುರಿಗೆ ಮರದ ದಿಮ್ಮಿ ಹೊತ್ತ ಲಾರಿಯೊಂದು ಬಂತು. ಅದಕ್ಕೆ ದಾರಿ ಬಿಡಲು ನಾಗರಾಜು ಹಿಂದಕ್ಕೆ ಸರಿದ. ದಿಮ್ಮಿ ಲಾರಿ ಮೈ ಉಜ್ಜುವಷ್ಟು ಹತ್ತಿರದಲ್ಲಿ ಹಾದು ಇಳಿಜಾರಿನಲ್ಲಿ ಮರೆಯಾಯಿತು. ಅದು ಹೋದದ್ದೇ ತಡ, ಇವರ ಲಾರಿಯ ಎಡಗಡೆಯ ಹಿಂದಿನ ಗಾಲಿ ಚರಂಡಿಯ ಮಣ್ಣಿನೊಳಕ್ಕೆ ಕುಸಿಯಿತು. ಲಾರಿ ನಿಧಾನವಾಗಿ, ಮುದುಕ ಗೋಡೆಗೆ ಒರಗಿ ಕೂರುವ ಹಾಗೆ, ರಸ್ತೆ ಪಕ್ಕದ ಎತ್ತರದ ಮಣ್ಣಿನ ದರೆಗೆ ಒರಗಿಕೊಂಡಿತು.

ಒಳಗೆ ರಂಗಮ್ಮ ಹುಲ್ಲಿನ ಮೇಲೆ ಉರುಳಿ ಎಡಗಡೆಯ ಹಲಗೆಗೆ ಬಡಿದಳು. ಅವಳ ಮೇಲೆ ಕೆಂಚಿ. ಮರಿ ಕಾಲು ಝಾಡಿಸಿ ಎದ್ದು ನಿಲ್ಲಲು ನೋಡಿತು, ನೆಲವೇ ವಾಲಿದ್ದರಿಂದ ಮತ್ತೆ ಜಾರಿತು. ಮೂರನೆಯ ಸಲ ಜಾರಿದಾಗ ಅದರ ಹಿಂಗಾಲು ಗೋಣಿಯನ್ನು ಹರಿದುಕೊಂಡು ಎರಡು ಹಲಗೆಗಳ ಸಂದಿಯೊಳಕ್ಕೆ ಹೋಗಿ ಸಿಕ್ಕಿಕೊಂಡಿತು.

ಮರಿ ಒಮ್ಮೆ ಜಗ್ಗಿದರೆ ಸಾಕು, ಆ ಕಾಲು ಕಡ್ಡಿಯ ಹಾಗೆ ಮುರಿಯುತ್ತದೆ. ಕಾಲು ಮುರಿದ ಕುದುರೆಗೆ ದೊರೆ ಕೊಡುತ್ತಿದ್ದ ಮದ್ದು ಒಂದೇ, ಬಂದೂಕು. ಅವಳು ಇಡೀ ಮೈಯನ್ನು ಮರಿಯ ಮೇಲೆ ಹಾಕಿ ಒತ್ತಿ ಹಿಡಿದಳು.

"ಹೋ ಹೋ ಹೋ ನನ್ನವ್ವ. ಏನಿಲ್ಲ, ಏನಿಲ್ಲ ಕಣೆ."

ಒಂದು ಕೈಯಿಂದ ಅದರ ಕುತ್ತಿಗೆ ತಬ್ಬಿ, ಇನ್ನೊಂದು ಕೈಯನ್ನು ಸೊಂಟದ ಮೇಲಿಂದ ಕಾಲಿನ ತನಕ ಇಳಿಸಿದಳು. ಮರಿಯ ಎದೆ ಒನಕೆ ಕುಟ್ಟಿದ ಹಾಗೆ ಹೊಡೆದುಕೊಳ್ಳುತ್ತಿತ್ತು. ಅದು ಉಸಿರು ಬಿಟ್ಟು ಮೈ ಸಡಿಲ ಮಾಡಿದ ಕ್ಷಣದಲ್ಲಿ ಮಂಡಿ ಮಡಿಸಿ, ಗೊರಸನ್ನು ಓರೆ ಮಾಡಿ, ಬಂದ ದಾರಿಯಲ್ಲೇ ಕಾಲನ್ನು ಹೊರತೆಗೆದಳು. ಚರ್ಮ ಸುಲಿದಿತ್ತು, ಮೂಳೆ ನೆಟ್ಟಗಿತ್ತು.

"ರಂಗಮ್ಮಕ್ಕ! ಬದುಕಿದ್ದೀಯೇನಕ್ಕ?" ನಾಗರಾಜು ಹೊರಗಿನಿಂದ ಕೂಗುತ್ತಿದ್ದ.

"ಬದುಕಿದ್ದೀವಿ. ಬಾಗಿಲು ತೆಗಿ ನಾಗರಾಜಣ್ಣ."

ಅವನು ಹಿಂದಕ್ಕೆ ಹೋಗಿ ಸರಪಳಿ ಅಲ್ಲಾಡಿಸಿದ ಸದ್ದು ಕೇಳಿಸಿತು. ಆಮೇಲೆ ಸುಮ್ಮನಾಯಿತು. ಬಾಗಿಲು ಪೂರ್ತಿ ದರೆಗೆ ಅಮರಿಕೊಂಡಿತ್ತು. ಎಡಗಡೆಯೂ ಮಣ್ಣೇ. ಬಲಗಡೆ ಆಕಾಶಕ್ಕೆ ಎದ್ದು ನಿಂತಿತ್ತು. ಮೇಲೆ ಟಾರ್ಪಾಲಿನ ಒಂದು ಮೂಲೆ ಕಿತ್ತುಬಂದು, ಅಲ್ಲಿ ಮನುಷ್ಯರು ತೂರಬಹುದಾದಷ್ಟು ಜಾಗವಾಗಿತ್ತು.

ನಾಗರಾಜು ಆ ಸಂದಿಯಿಂದ ತಲೆ ಹಾಕಿದ. "ಲಾರಿ ಎತ್ತದೆ ಮರಿ ಇಳಿಸೋಕಾಗಲ್ಲಕ್ಕ. ನೀನು ಕೈ ಕೊಡು, ಎಳ್ಕೋತೀನಿ."

ಅವಳು ಏಳಲು ನೋಡಿದ್ದೇ ಕೆಂಚಿ ಕಿರಿಚಿಕೊಂಡು ಕಾಲು ಒದರಿತು. ಅವಳು ಮತ್ತೆ ಕೂತಳು.

"ನಾನು ಬರಲ್ಲ. ಬಂದ್ರೆ ಇದು ಕಾಲು ಮುರ್ಕೋತದೆ. ನೀನು ಜನ ಕರ್ಕೊಂಡು ಬಾ."

"ಮುಂದೆ ಮರ ಕಡಿಯೋ ಕೂಪು ಅದೆ, ಅಲ್ಲಿ ಆಳುಗಳು ಇರ್ತಾರೆ. ಹೊತ್ತಾಗ್ತದೆ ಕಣಕ್ಕ."

"ಬೇಗ ಬಾಣ್ಣ. ನಾಳೆ ವಾಪಸು ಹೋಗ್ಬೇಕು ನಾನು. ಮುದ್ದಿ ಕಾಯ್ತಾ ಇರ್ತಾಳೆ."

ನಾಗರಾಜು ತಲೆ ಹಿಂತೆಗೆದವನು ಮತ್ತೆ ಒಳಗೆ ಹಾಕಿದ. "ನಾಳೆ ವಾಪಸಾ? ನೀನು ಗೌಡ್ರ ಮನೇಲೇ ಇರೋಳು ಅಂದ್ರಲ್ಲ ರೈಟರು. ಮರಿ ಜೊತೆಗೆ ಆಳನ್ನೂ ಕಳಿಸ್ತಾ ಇದೀವಿ ಅಂದ್ರು. ನಿನ್ನ ಸಾಮಾನು ಮೂಟೆ ಕಟ್ಟಿಸಿ ನನ್ನ ಸೀಟಿನ ಹಿಂದೆ ಹಾಕಿಸಿದ್ದಾರಲ್ಲ."

"ಯಾವ ಸಾಮಾನು?"

"ಪಾತ್ರೆ, ಕಂಬಳಿ, ಎಲ್ಲ. ನೀನು ಲಾಯದಲ್ಲಿದ್ದಾಗ ತಂದು ಹಾಕಿದ್ರು. ನಿನಗೆ ಗೊತ್ತಿಲ್ವಾ?"

ರಂಗಮ್ಮ ಕೇಳಿದಳು, "ಮೂಟೆ ಬಿಚ್ಚಿ ನೋಡಣ್ಣ. ಮುದ್ದಿ ಲಂಗ ಅದೆಯಾ ಅದರಲ್ಲಿ? ಹಸಿರು ಲಂಗ."

ನಾಗರಾಜು ಇಳಿದು ಹೋಗಿ ಬಂದ. "ಇಲ್ಲಕ್ಕ. ನಿನ್ನ ಎರಡು ಸೀರೆ ಅದೆ. ಗಂಡಸಿನ ಹಳೇ ಕೋಟು ಒಂದು ಅದೆ. ಮಗೀದು ಏನೂ ಇಲ್ಲ."

ಅವನ ಹೆಜ್ಜೆ ಸದ್ದು ದೂರವಾಯಿತು. ಲಾರಿಯೊಳಗೆ ಮಬ್ಬು ಕತ್ತಲೆ, ಹುಲ್ಲಿನ ಘಾಟು, ಮರಿಯ ಬೆವರು. ಸಂದಿಯಿಂದ ಬಿದ್ದ ಬೆಳಕಿನ ಪಟ್ಟಿ ಹುಲ್ಲಿನ ಮೇಲೆ ಅಲುಗಾಡದೆ ಬಿದ್ದಿತ್ತು.

ಹಿಂದಿನ ತಿಂಗಳು ರೈಟರ ಹೆಂಡತಿ ಲೈನಿಗೇ ಬಂದಿದ್ದರು. 'ನಿನ್ನ ಹುಡುಗಿ ಚುರುಕಾಗಿದ್ದಾಳೆ ರಂಗಮ್ಮ, ನಮ್ಮನೇಲಿ ಬಿಡು, ಕಸ ಮುಸುರೆ ಮಾಡ್ಕೊಂಡು ಇರ್ಲಿ' ಎಂದಿದ್ದರು. ಇಲ್ಲ ಅವ್ವಾ, ಅವಳಪ್ಪ ಅವಳನ್ನ ಇಸ್ಕೂಲಿಗೆ ಕಳಿಸ್ಬೇಕು ಅಂತಿದ್ದ, ಎಂದು ಹೇಳಿ ಅವಳು ನಕ್ಕಿದ್ದಳು. ರೈಟರ ಹೆಂಡತಿಯೂ ನಕ್ಕಿದ್ದರು. ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದಳು. ಈಗ ಒಂದೊಂದೇ ಅರ್ಥವಾಗತೊಡಗಿತು. ತಾಯಿಯನ್ನು ಮರಿಯ ಜೊತೆ ಅಷ್ಟು ದೂರಕ್ಕೆ ಅಟ್ಟಿದರೆ ಹುಡುಗಿ ಎಲ್ಲಿಗೆ ಹೋಗುತ್ತಾಳೆ? ಕಾಳಮ್ಮನ ಕೈಯಿಂದ ಎಳೆದುಕೊಂಡು ಹೋದರೆ ಕೇಳುವವರು ಯಾರು?

ಓಡಿಹೋಗಬೇಕು ಅನ್ನಿಸಿತು. ಸಂದಿಯಿಂದ ತೂರಿ, ರಸ್ತೆಗೆ ಇಳಿದು, ಸಿದ್ದಾಪುರ, ಅಮ್ಮತ್ತಿ, ಬಿಟ್ಟಂಗಾಲ, ನಡೆದಾದರೂ ಸರಿ. ಅವಳು ಮೊಣಕೈ ಊರಿ ಅರ್ಧ ಎದ್ದಳು. ಕೆಂಚಿ ಮೂತಿಯನ್ನು ಅವಳ ಕಂಕುಳಿಗೆ ತುರುಕಿ ನಡುಗಿತು. ಅದರ ಹಿಂಗಾಲು ಹಲಗೆ ಸಂದಿಯಿಂದ ಒಂದು ಗೇಣು ದೂರದಲ್ಲಿತ್ತು.

"ನೀನೊಂದು ಹುಟ್ಟದೆ ಹೋಗಿದ್ರೆ," ಎಂದಳು ರಂಗಮ್ಮ ಸಿಟ್ಟಿನಲ್ಲಿ. "ನಿನ್ನಿಂದ್ಲೇ ಕಣೆ ಇಷ್ಟೆಲ್ಲ. ನಿನಗೆ ಹಾಲು ಕುಡಿಸಿದ್ದೇ ನನ್ನ ತಪ್ಪು."

ಬೈಯುತ್ತಲೇ ಸೆರಗು ಹರಿದು ಸುಲಿದ ಕಾಲಿಗೆ ಕಟ್ಟಿದಳು. ಹುಲ್ಲನ್ನು ತಗ್ಗಿನ ಕಡೆಗೆ ಒಟ್ಟಿ ಹಾಸಿಗೆ ಮಾಡಿ, ಮರಿಯ ಮುಂಗಾಲು ಮಡಿಸಿ, ಭುಜವನ್ನು ಒತ್ತಿ ಒತ್ತಿ ಮಲಗಿಸಿದಳು. ಮಲಗಿದ ಮರಿಯ ಬೆನ್ನಿಗೆ ತನ್ನ ಬೆನ್ನು ಕೊಟ್ಟು, ಕಾಲನ್ನು ಹಲಗೆಗೆ ಊರಿ, ಸಂದಿಗೆ ಅಡ್ಡವಾಗಿ ಕೂತಳು. ಕಾಲು ಮರಗಟ್ಟಿತು. ಬಾಯಾರಿತು. ತಂಬಿಗೆಯಲ್ಲಿ ಚೆಲ್ಲದೆ ಉಳಿದಿದ್ದ ನೀರನ್ನು ಮರಿಯ ಬಾಯಿಗೆ ಒದ್ದೆ ಬಟ್ಟೆಯಿಂದ ಹಿಂಡಿದಳು, ಉಳಿದ ಒಂದು ಗುಟುಕು ತಾನು ಕುಡಿದಳು. ಹೊರಗೆ ಎಲ್ಲೋ ಬಿದಿರು ಮುರಿದ ಸದ್ದು. ಯಾರಾದರೂ ಬರುತ್ತಿದ್ದಾರೇನೋ ಎಂದು ಕೂಗಿದಳು. ಮಂಗಗಳು ಮಾತ್ರ ಉತ್ತರ ಕೊಟ್ಟವು. ಬೆಳಕಿನ ಪಟ್ಟಿ ಹುಲ್ಲಿನಿಂದ ಹಲಗೆಗೆ, ಹಲಗೆಯಿಂದ ಮೇಲಕ್ಕೆ ಹತ್ತಿತು. ಅವಳು ಅತ್ತದ್ದು ಆಗಲೇ. ಸದ್ದು ಮಾಡಿದರೆ ಮರಿ ಬೆದರುತ್ತದೆಂದು ಸೆರಗನ್ನು ಬಾಯಿಗೆ ಕಚ್ಚಿಕೊಂಡು ಅತ್ತಳು.

ಬಿಸಿಲು ಇಳಿಮುಖವಾಗುವ ಹೊತ್ತಿಗೆ ನಾಗರಾಜುವಿನ ದನಿ ಕೇಳಿತು. ಜೊತೆಗೆ ಸರಪಳಿ ಎಳೆದ ಸದ್ದು, ಭಾರವಾದ ಉಸಿರು. ಕೆಂಚಿಯ ಕಿವಿಗಳು ನೆಟ್ಟಗಾದವು.

"ಅಕ್ಕಾ, ಕೂಪಿನಲ್ಲಿ ಆಳುಗಳು ಸಾಲಲ್ಲ ಅಂದ್ರು. ಆನೆ ಕರ್ಕೊಂಡು ಬಂದಿದೀನಿ. ಇವನು ಸುಬ್ಬ, ಆನೆ ಮಾವುತ."

ಆನೆ! ತೋಟದ ಬೇಲಿಯ ಆಚೆ ಕಾಡಾನೆ ಸುಳಿದರೆ ಸಾಕು, ಲಾಯದ ಕುದುರೆಗಳು ಹಗ್ಗ ಕಿತ್ತುಕೊಳ್ಳುತ್ತಿದ್ದವು. ನಿಂಗನ ಎರಡು ಹಲ್ಲು ಹೋದದ್ದು ಅಂಥ ಒಂದು ದಿನವೇ.

ಸಂದಿಯಲ್ಲಿ ಸುಬ್ಬನ ಮುಖ ಕಾಣಿಸಿತು. ನರೆತ ಗಡ್ಡದ ಕುರುಬರವನು. "ನೀನು ಹೊರಗೆ ಬಂದುಬಿಡಕ್ಕ. ನಮ್ಮ ಆನೆ ಗಂಗೆ ದರೆ ಮೇಲಿಂದ ಲಾರಿ ತಳ್ಳುವಾಗ ಒಳಗಿರಬಾರದು. ಕುದುರೆ ಹುಚ್ಚಾದ್ರೆ ನಿನ್ನ ತುಳಿದು ಹಾಕ್ತದೆ."

"ನಾನಿಲ್ದೆ ಹೋದ್ರೆ ತನ್ನನ್ನೇ ತುಳ್ಕೋತದೆ."

"ಹೇಳೋದು ಹೇಳಿದೀನಿ," ಎಂದ ಸುಬ್ಬ. "ಆಮೇಲೆ ನನ್ನ ಮೇಲೆ ಹಾಕ್ಬೇಡಿ."

"ಒಂದು ಗಳಿಗೆ ತಾಳು. ನಾನು ಹೂಂ ಅಂದ ಮೇಲೆ ತಳ್ಳಿಸು."

ಅವಳು ಮರಿಯ ಕಣ್ಣಿಗೆ ಸೀರೆಯ ಮಡಿಕೆ ಸುತ್ತಿ ಕಟ್ಟಿದಳು. ಎಲೆಅಡಿಕೆ ಚೀಲದಿಂದ ಹೊಗೆಸೊಪ್ಪು ತೆಗೆದು ಬಾಯಿಗೆ ಹಾಕಿ ಅಗಿದು, ಅಂಗೈಗೆ ಉಗುಳಿಕೊಂಡು, ಆ ಅಂಗೈಯನ್ನು ಮರಿಯ ಮೂಗಿನ ಹೊಳ್ಳೆಗಳ ಹತ್ತಿರ ಹಿಡಿದಳು. ಕೆಂಚಿ ಸೀನಿತು, ತಲೆ ಕೊಡವಿತು, ಮತ್ತೆ ಸೀನಿತು. ಇನ್ನು ಅದಕ್ಕೆ ಆನೆಯ ವಾಸನೆಯಾಗಲೀ ಬೇರೆ ಯಾವ ವಾಸನೆಯಾಗಲೀ ಹತ್ತಲಾರದು. ಅವಳು ಅದರ ಕುತ್ತಿಗೆಯ ಮೇಲೆ ಎದೆಯೂರಿ ಮಲಗಿ ಕಿವಿಯೊಳಗೆ ಬಾಯಿಟ್ಟಳು.

"ಹೂಂ!"

ಲಾರಿ ನರಳಿತು. ತಲೆಯ ಹತ್ತಿರದಲ್ಲೇ, ಹಲಗೆಯ ಆಚೆ, ಗುಡ್ಡವೇ ಉಸಿರಾಡಿದಂತಾಯಿತು. ಕೆಂಚಿಯ ಮೈಯೆಲ್ಲ ಒಂದೇ ಗಂಟಾಯಿತು. ಹಿಂಗಾಲು ಒಮ್ಮೆ ಬೀಸಿ ರಂಗಮ್ಮನ ತೊಡೆಗೆ ಬಡಿಯಿತು, ಕಣ್ಣು ಕತ್ತಲಿಟ್ಟಿತು. ಅವಳು ಹಿಡಿತ ಬಿಡಲಿಲ್ಲ. ಬಾಯಿಗೆ ಬಂದದ್ದೆಲ್ಲ ಅದರ ಕಿವಿಯಲ್ಲಿ ಹೇಳುತ್ತಲೇ ಇದ್ದಳು. ಕೆಂಚಿ ಎಂದಳೋ ಮುದ್ದಿ ಎಂದಳೋ ಅವಳಿಗೇ ತಿಳಿಯಲಿಲ್ಲ. ಲಾರಿ ಅರ್ಧ ಎದ್ದು ಮತ್ತೆ ಕೂತಿತು. ಸುಬ್ಬ ಏನೋ ಗದರಿದ. ಎರಡನೆಯ ಸಲ ನೆಲ ಅವಳ ಕೆಳಗೆ ತಿರುಗಿ, ಸಮವಾಗಿ, ದಡ್ ಎಂದು ನಿಂತಿತು. ಹೊರಗೆ ನಾಗರಾಜು ಗಾಲಿಯ ಹಿಂದಕ್ಕೆ ಕಲ್ಲು ಒಗೆಯುತ್ತಿದ್ದ. ಆನೆಯೇ ಮುಂದಿನಿಂದ ಎಳೆದು ಲಾರಿಯನ್ನು ರಸ್ತೆಗೆ ತಂದು, ಸುಬ್ಬನ ಮಾತಿನಂತೆ ಮರಿಗೆ ವಾಸನೆ ಬಡಿಯದ ಕಡೆಗೆ ಹೊರಟುಹೋಯಿತು.

ಬಾಗಿಲು ತೆರೆದಾಗ ರಂಗಮ್ಮ ಕೂತಲ್ಲಿಂದ ಏಳಲಿಲ್ಲ. ತೊಡೆ ಊದಿಕೊಂಡಿತ್ತು.

"ತಿರುಗ್ಸು ನಾಗರಾಜಣ್ಣ," ಎಂದಳು. "ಬಿಟ್ಟಂಗಾಲಕ್ಕೆ ಹೋಗಾಣ."

ನಾಗರಾಜು ತಲೆ ತಗ್ಗಿಸಿದ. "ಮರಿ ಹಿಂದಕ್ಕೆ ತಗೊಂಡು ಹೋದ್ರೆ ಕದ್ದೆ ಅಂತ ಪೊಲೀಸಿಗೆ ಕೊಡ್ತಾರಕ್ಕ ನನ್ನ. ಈ ಲಾರಿಯೂ ತೋಟದ ಕೆಲಸ ನಂಬಿಕೊಂಡೇ ಓಡ್ತಾ ಇರೋದು. ಮೊದ್ಲು ಇದನ್ನ ಮುಟ್ಟಿಸಾಣ. ಆಮೇಲೆ ನಿನ್ನ ನಾನೇ ಕರ್ಕೊಂಡು ಹೋಗ್ತೀನಿ, ಆಣೆ."

ಅವನ ಆಣೆಯನ್ನು ನಂಬುವುದು ಬಿಟ್ಟು ಅವಳಿಗೆ ಬೇರೆ ದಾರಿಯಿರಲಿಲ್ಲ. ಕುಶಾಲನಗರದಲ್ಲಿ ಮರಿಗೆ ನೀರು ಕುಡಿಸಿದರು. ಸೋಮವಾರಪೇಟೆಯ ಏರುಗಳನ್ನು ನಾಗರಾಜು ಕೈಯಲ್ಲಿ ಜೀವ ಹಿಡಿದುಕೊಂಡು ಹತ್ತಿಸಿದ.

ಶನಿವಾರಸಂತೆಯ ಗೌಡರ ಮನೆ ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಸಣ್ಣಸ್ವಾಮಿ ಗೌಡರು ಅರವತ್ತು ದಾಟಿದವರು. ಮಂಡಿನೋವು, ಹೊಲ ಗದ್ದೆ ಸುತ್ತಲು ಕುದುರೆಯೇ ಬೇಕು. ದೊಣ್ಣೆ ಊರಿಕೊಂಡು ಬಂದು ಲಾರಿಯ ಬಾಗಿಲಲ್ಲೇ ಕೈಚಾಚಿ ಮರಿಯನ್ನು ಮೈಯೆಲ್ಲ ಸವರಿ ನೋಡಿದರು, ಕಾಲಿನ ಕಟ್ಟು ಬಿಚ್ಚಿ ನೋಡಿದರು.

"ಇಷ್ಟೇ ಏನು ಆಗಿದ್ದು? ಶಿವ ಕಾಪಾಡ್ದ. ಅಮ್ಮ, ನೀನು ಇಳಿ. ಲಾಯದ ಪಕ್ಕದ ಕೋಣೆ ಗುಡಿಸಿಟ್ಟಿದೀವಿ ನಿನಗೆ."

ರಂಗಮ್ಮ ಲಾರಿಯ ಬಾಗಿಲಲ್ಲಿ ಮರಿಯ ಹಗ್ಗ ಹಿಡಿದು ನಿಂತೇ ಇದ್ದಳು.

"ಗೌಡ್ರೆ, ನನಗೆ ಮಗಳಿದ್ದಾಳೆ. ಹತ್ತು ವರ್ಷದೋಳು. ರೈಟರು ಅವಳನ್ನ ಅಲ್ಲೇ ಇಟ್ಕೊಂಡು ನನ್ನ ಇಲ್ಲಿಗೆ ಕಳಿಸಿದ್ದಾರೆ."

"ಹಿಂದೆ ಮುಂದೆ ಯಾರಿಲ್ಲದ ಹೆಂಗಸು ಅಂತ ಹೇಳಿ ಕಳಿಸಿದ್ರಲ್ಲ ಅವರು?" ಗೌಡರು ನಾಗರಾಜುವಿನ ಕಡೆ ತಿರುಗಿದರು.

"ಮಗು ಇರೋದು ನಿಜ ಗೌಡ್ರೆ," ಎಂದ ನಾಗರಾಜು. "ನಾನು ಕಣ್ಣಾರೆ ನೋಡಿದೀನಿ."

ಗೌಡರು ಮರಿಯ ಕಡೆ ನೋಡಿದರು. ಕೆಟ್ಟವರಲ್ಲ, ಆದರೆ ಮರಿಯ ಮೇಲೆ ಅವರಿಗೆ ಆಸೆಯಿತ್ತು. "ಅಲ್ಲಮ್ಮ, ನಾಳೆ ನೀನು ಹೋದೋಳು ತಿರುಗಿ ಬರದೆ ಹೋದ್ರೆ? ಇದು ನೀರು ಹುಲ್ಲು ಮುಟ್ಟದೆ ಸತ್ತುಹೋದ್ರೆ? ಎರಡು ಮೂರು ತಿಂಗಳು ಇದ್ದು ಹೊಂದಿಸಿಕೊಡು. ಆಮೇಲೆ ಕರೆಸಾಣ ಮಗೂನ."

"ನನ್ನ ಮಗೀನ ಅಲ್ಲಿ ಬಿಟ್ಟು ನಿಮ್ಮ ಮರೀನ ಹೆಂಗೆ ನೋಡ್ಕೊಳ್ಳಿ? ಬರದೆ ಎಲ್ಲಿಗೆ ಹೋಗ್ಲಿ ಗೌಡ್ರೆ? ಈ ಹೊತ್ತಿಗೆ ಮನೆಗೆ ಬೀಗ ಬಿದ್ದಿರ್ತದೆ. ನನ್ನ ಪಾತ್ರೆ ಪಡಗ ಎಲ್ಲ ನಿಮ್ಮ ಅಂಗಳದಲ್ಲೇ ಬಿದ್ದದೆ." ಅವಳು ಹಗ್ಗವನ್ನು ಕೈಗೆ ಇನ್ನೊಂದು ಸುತ್ತು ಸುತ್ತಿಕೊಂಡಳು. "ನಾಳೆ ಹೋಗ್ತೀನಿ ಅಂತ ನೀವು ಒಪ್ಪೋವರೆಗೂ ನಾನೂ ಇಳಿಯಲ್ಲ, ಇದೂ ಇಳಿಯಲ್ಲ."

ಅಂಗಳದಲ್ಲಿದ್ದ ಆಳುಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗೌಡರು ದೊಣ್ಣೆಯಿಂದ ನೆಲ ಕೆದಕಿದರು. ಕೊನೆಗೆ, "ಹೋಗಿ ಬಾ," ಎಂದರು. "ಮರಿ ಉಪವಾಸ ಬೀಳದ ಹಾಗೆ ಏನಾದ್ರೂ ಮಾಡಿ ಹೋಗು."

ಮೈಮೇಲಿದ್ದ ಸೀರೆ ಬಿಚ್ಚಿ, ಮೂಟೆಯಲ್ಲಿದ್ದ ಸೀರೆ ಉಟ್ಟು, ಬಿಚ್ಚಿದ್ದನ್ನು ಲಾಯದ ಗೂಟಕ್ಕೆ ಕಟ್ಟಿ ಅವಳು ಮಾರನೆಯ ಬೆಳಿಗ್ಗೆ ಲಾರಿ ಹತ್ತಿದಳು. ಬೇಲಿ ದಾಟುವವರೆಗೂ ಕೆಂಚಿ ಕೆನೆಯುತ್ತಿದ್ದದ್ದು ಕೇಳಿಸುತ್ತಿತ್ತು.

ಬಿಟ್ಟಂಗಾಲದಲ್ಲಿ ಅವಳ ಮನೆಗೆ ಬೀಗವಲ್ಲ, ಬೇರೆ ಸಂಸಾರವೇ ಬಂದಿತ್ತು. ಒಲೆಯಿಂದ ಹೊಗೆ ಏಳುತ್ತಿತ್ತು. ಕಾಳಮ್ಮ ಬಾಗಿಲ ಸಂದಿಯಿಂದಲೇ ಮಾತಾಡಿದಳು. "ನೀನು ಹೋದ ಗಳಿಗೇಲೇ ಬಂದು ಕರ್ಕೊಂಡು ಹೋದ್ರು ಕಣೆ. ನಾನೇನು ಮಾಡ್ಲಿ, ನಾನೂ ಅವರ ಲೈನಲ್ಲೇ ಇರೋಳು ತಾನೆ."

ರಂಗಮ್ಮ ರೈಟರ ಮನೆಯ ಮುಂಬಾಗಿಲಿಗೆ ಹೋಗಲಿಲ್ಲ, ಹಿತ್ತಿಲಿಗೆ ಹೋದಳು. ಮುದ್ದಿ ಬೂದಿಯಲ್ಲಿ ಹಂಡೆ ತಿಕ್ಕುತ್ತಿದ್ದಳು. ತಾಯಿಯನ್ನು ನೋಡಿದವಳು ಎದ್ದು ಬರಲಿಲ್ಲ. ಮತ್ತೆ ಹಂಡೆಗೆ ಕೈ ಹಾಕಿದಳು.

"ಬಾ ಮಗ. ಹೋಗಾಣ."

ರೈಟರು ಜಗಲಿಗೆ ಬಂದರು. "ಏನು ರಂಗಮ್ಮ, ಹೇಳದೆ ಕೇಳದೆ ಬಂದುಬಿಟ್ಟೆ? ಇಲ್ಲಿ ಹುಡುಗಿಗೆ ಮೂರು ಹೊತ್ತು ಊಟ, ಬಟ್ಟೆ. ನಿನ್ನ ಜೊತೆ ಕುದುರೆ ಲದ್ದಿ ಬಾಚೋದಕ್ಕಿಂತ ಕಡೆಯಾ?"

ರಂಗಮ್ಮ ಮಗಳ ರಟ್ಟೆ ಹಿಡಿದು ಎಬ್ಬಿಸಿದಳು. ಬೇಲಿಯ ಆಚೆ ನಾಗರಾಜು ಲಾರಿಯಿಂದಿಳಿದು ಕೈಕಟ್ಟಿ ನಿಂತಿದ್ದ. ಕೆಲಸ ಹೋದರೂ ಹೋಗಲಿ ಎಂದು ಅವನು ಅಷ್ಟು ಹೊತ್ತಿಗೆ ತೀರ್ಮಾನಿಸಿದ್ದಿರಬೇಕು. ರೈಟರು ಅವನನ್ನು ನೋಡಿದರು, ಲೈನಿನಿಂದ ಬಂದು ಗುಂಪುಗೂಡುತ್ತಿದ್ದ ಹೆಂಗಸರನ್ನು ನೋಡಿದರು.

"ಹೋಗು ಹೋಗು. ಮತ್ತೆ ಈ ಗೇಟಿನೊಳಗೆ ಕಾಲಿಟ್ಟೀಯ ಜೋಕೆ," ಎಂದು ಒಳಗೆ ಹೋದರು.

ಲಾರಿಯಲ್ಲಿ ಮುದ್ದಿ ಕಿಟಕಿಯ ಕಡೆ ಮುಖ ಮಾಡಿ ಕೂತಳು. ಅವಳ ಹಸಿರು ಲಂಗದ ತುಂಬ ಬೂದಿ ಮೆತ್ತಿತ್ತು. ಸಿದ್ದಾಪುರದಲ್ಲಿ ನಾಗರಾಜು ಕೊಡಿಸಿದ ಬನ್ನನ್ನು ಕೈಯಲ್ಲೇ ಹಿಡಿದು ಕೂತಿದ್ದಳು. ಬಿದಿರು ಕಾಡು ಬಂದ ಮೇಲೆ, ಹೊರಗೆ ನೋಡುತ್ತಲೇ ಕೇಳಿದಳು.

"ನನ್ನ ಕೊಟ್ಟುಬಿಟ್ಟೆ ಅಂದ್ರು. ಕುದುರೆ ಮರೀನೇ ಬೇಕು ಅಂದ್ಯಂತೆ."

"ಸುಳ್ಳು ಕಣವ್ವ."

"ಹಂಗಾದ್ರೆ ಹೋಗುವಾಗ ಯಾಕೆ ನನ್ನ ಎಬ್ಬಿಸ್ಲಿಲ್ಲ?"

ನಿದ್ದೆ ಕೆಡಿಸುವುದು ಬೇಡ ಎಂದುಕೊಂಡೆ ಎಂದು ಹೇಳಬೇಕಿತ್ತು. ಹೇಳಿದರೂ ಅದು ಈಗ ಯಾವ ಮೂಲೆಗೂ ಸಾಲದು ಅನ್ನಿಸಿತು ರಂಗಮ್ಮನಿಗೆ. ಸೀಟಿನ ಮೇಲೆ ಮಗಳ ಪಕ್ಕಕ್ಕೆ ಇನ್ನಷ್ಟು ಸರಿದು ಕೂತಳು. ಮುದ್ದಿ ದೂರ ಸರಿಯಲಿಲ್ಲ, ಸರಿಯಲು ಅಲ್ಲಿ ಜಾಗವೂ ಇರಲಿಲ್ಲ.

ಗೌಡರ ಮನೆಯ ಲಾಯದಲ್ಲಿ ಕೆಂಚಿ ಇಡೀ ದಿನ ಹುಲ್ಲು ಮೂಸಿ ಬಿಟ್ಟಿತ್ತಂತೆ, ನೀರು ಮಾತ್ರ ಕುಡಿದಿತ್ತಂತೆ. ರಂಗಮ್ಮ ಹುರುಳಿ ಕಲಸುವಷ್ಟರಲ್ಲಿ ಮುದ್ದಿ ತಾನಾಗಿಯೇ ಒಳಗೆ ಹೋಗಿ, ಕೈಯಲ್ಲಿದ್ದ ಬನ್ನು ಮುರಿದು ಮರಿಯ ಬಾಯಿಗಿಟ್ಟಿದ್ದಳು. ಮರಿ ತಿನ್ನುತ್ತಿತ್ತು.

ರಂಗಮ್ಮ ಪಕ್ಕದ ಕೋಣೆಯ ಬಾಗಿಲು ತಳ್ಳಿದಳು. ಸಾರಿಸಿದ ನೆಲ, ಒಂದು ಗೂಡು, ಕೈಯಗಲದ ಒಂದು ಕಿಟಕಿ. ಮೂಲೆಯಲ್ಲಿ ಅವಳ ಮೂಟೆ. ಮರಿ ಬೆಳೆದು ಬೇರೆಯವರ ಕೈಗೆ ಒಗ್ಗಿದ ಮೇಲೆ ಈ ಕೋಣೆ ತನಗಿರುತ್ತದೋ ಇಲ್ಲವೋ, ಕೇಳುವುದು ಯಾರನ್ನ? ಕೇಳಿ ಇಲ್ಲ ಅನ್ನಿಸಿಕೊಂಡರೆ ಹೋಗುವುದಾದರೂ ಎಲ್ಲಿಗೆ?

ಗೌಡರು ಅಂಗಳದಿಂದ ಕೂಗಿದರು. "ಏನಮ್ಮ, ಸಾಕಾ ಜಾಗ?"

"ಸಾಕು ಗೌಡ್ರೆ," ಎಂದಳು ರಂಗಮ್ಮ. ಮೂಟೆಯ ಗಂಟು ಬಿಗಿದಿತ್ತು. ಅವಳು ಕೂತು ಹಲ್ಲಿನಿಂದ ಬಿಚ್ಚತೊಡಗಿದಳು.